ಬಾಳೆಹಣ್ಣಿನ ರುಚಿ ನಾಲಿಗೆಯಲ್ಲಿ ಇಲ್ಲ

ನಾನು ಪುಣೆಯಲ್ಲಿ ಇರೋ ಒಬ್ಬ ಸಾಫ್ಟ್‌ವೇರ್ ಇಂಜಿನಿಯರ್. ಎಂಟೆಕ್ ಮಾಡಿದ್ದೀನಿ, ಆದ್ರೆ ಅದು ಕಂಪ್ಯೂಟರ್ ಸೈನ್ಸ್‌ನಲ್ಲಿ. ಕೆಮಿಸ್ಟ್ರಿ ಓದಿದ್ದು ಪಿಯುಸಿ ತನಕ ಮಾತ್ರ. ಹಾಗಿದ್ರೂ ಇವತ್ತು ಬಾಳೆಹಣ್ಣಿನ ಕೆಮಿಸ್ಟ್ರಿ ಬಗ್ಗೆ ಮಾತಾಡೋಕೆ ನಿಂತಿದ್ದೀನಿ. ಯಾಕೆ ಅಂದ್ರೆ, ಈ ವಿಷಯ ನಾನು ಓದೋಕೆ ಶುರು ಮಾಡಿದ್ದು ನಮ್ಮ ಅಮ್ಮನ ಜೊತೆ ಒಂದು ವಾದ ಗೆಲ್ಲೋಕೆ. ಕೊನೆಗೆ ಆ ವಾದದಲ್ಲಿ ನಾನು ಸೋತೆ. ಸೋತಿದ್ದೇ ಒಳ್ಳೆಯದಾಯ್ತು. ಅದನ್ನ ಹೇಳ್ತೀನಿ.

ಅಮ್ಮ ನಂಜನಗೂಡಿನ ಹತ್ತಿರದ ಒಂದು ಹಳ್ಳಿಯವರು. 2021ರ ಕೊನೆಯಲ್ಲಿ ನಮ್ಮ ಜೊತೆ ಇರೋಕೆ ಪುಣೆಗೆ ಬಂದ್ರು. ಬಂದ ವಾರದಿಂದಲೇ ಒಂದು ಮಾತು ಶುರುವಾಯ್ತು: "ಇಲ್ಲಿನ ಬಾಳೆಹಣ್ಣಿಗೆ ರುಚಿನೇ ಇಲ್ಲ ಕಣೋ. ಬರೀ ಸಿಹಿ ಹಿಟ್ಟು." ಊರು ಬಿಟ್ಟು ಬಂದ ಎಲ್ಲ ಅಮ್ಮಂದಿರೂ ಹೀಗೆ ಏನೋ ಒಂದು ಹೇಳ್ತಾರೆ ಅಲ್ವಾ? ನೀರು ಸರಿ ಇಲ್ಲ, ತೆಂಗಿನಕಾಯಿ ಸರಿ ಇಲ್ಲ, ಕೊತ್ತಂಬರಿ ಸೊಪ್ಪಿಗೆ ಘಮ ಇಲ್ಲ. ಮುಂಬೈ, ಚೆನ್ನೈ, ಹೈದರಾಬಾದ್, ದೆಹಲಿಯಲ್ಲಿ ಕೂತು ಕೇಳ್ತಾ ಇರೋ ನಿಮಗೆ ಇದು ಹೊಸದಲ್ಲ. ನಾನೂ ನಕ್ಕು ಸುಮ್ಮನಾದೆ. ಆಮೇಲೆ ಅನ್ನಿಸಿತು, ಇದರಲ್ಲಿ ನಿಜ ಎಷ್ಟು ಅಂತ ಒಮ್ಮೆ ನೋಡೇ ಬಿಡೋಣ.

ಮೊದಲು ಒಂದು ಚಿಕ್ಕ ಪ್ರಯೋಗ. ಮನೆಯಲ್ಲಿ ಬಾಳೆಹಣ್ಣು ಇದ್ರೆ ವಿಡಿಯೋ ನಿಲ್ಲಿಸಿ ಈಗಲೇ ಮಾಡಬಹುದು. ಮೂಗನ್ನ ಎರಡು ಬೆರಳಲ್ಲಿ ಗಟ್ಟಿಯಾಗಿ ಮುಚ್ಚಿಕೊಳ್ಳಿ. ಒಂದು ತುಂಡು ಬಾಳೆಹಣ್ಣು ಬಾಯಿಗೆ ಹಾಕಿ ಅಗಿಯಿರಿ. ಏನು ಗೊತ್ತಾಗುತ್ತೆ? ಸಿಹಿ ಇದೆ. ಮೆತ್ತಗಿದೆ. ಚೂರು ಹುಳಿ ಇರಬಹುದು. ಅಷ್ಟೇ. ಈಗ ಬಾಯಲ್ಲಿ ಹಣ್ಣು ಇರುವಾಗಲೇ ಮೂಗು ಬಿಡಿ. ತಟ್ಟನೆ ಬಾಳೆಹಣ್ಣು ಬರುತ್ತೆ! ಅಲ್ಲಿಯವರೆಗೆ ನೀವು ತಿಂತಾ ಇದ್ದದ್ದು ಸಕ್ಕರೆ ಹಾಕಿದ ಹಿಟ್ಟು.

ನಾಲಿಗೆಗೆ ಗೊತ್ತಾಗೋದು ಐದೇ ಐದು: ಸಿಹಿ, ಹುಳಿ, ಉಪ್ಪು, ಕಹಿ, ಮತ್ತೆ ಉಮಾಮಿ ಅನ್ನೋ ಒಂದು. ಬಾಳೆ, ಮಾವು, ಹಲಸು ಅಂತ ಬೇರೆ ಮಾಡಿ ಹೇಳೋ ಶಕ್ತಿ ನಾಲಿಗೆಗೆ ಇಲ್ಲ. ಅಗಿಯುವಾಗ ಹಣ್ಣಿನಿಂದ ಆವಿಯಾಗೋ ಅಣುಗಳು ಬಾಯಿಯ ಹಿಂಭಾಗದಿಂದ, ಗಂಟಲ ಮೇಲಿಂದ, ಮೂಗಿನ ಒಳಗೆ ಹೋಗ್ತವೆ. ಮೂಗು ಕೊಟ್ಟ ಮಾಹಿತಿ, ನಾಲಿಗೆ ಕೊಟ್ಟ ಮಾಹಿತಿ ಎರಡನ್ನೂ ಮಿದುಳು ಸೇರಿಸಿ "ಬಾಯಲ್ಲಿ ಬಾಳೆಹಣ್ಣಿದೆ" ಅಂತ ಹೇಳುತ್ತೆ. ಹಾಗಾಗಿ ನಾವು ರುಚಿ ಅಂತ ಕರೆಯೋದರಲ್ಲಿ ದೊಡ್ಡ ಪಾಲು ಮೂಗಿನದ್ದು. ಈ ಮಾತನ್ನ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಉಪಯೋಗಕ್ಕೆ ಬರಲಿಲ್ಲ, ಅದೇ ಕಥೆ.

ಸರಿ, ಮೂಗಿಗೆ ಹೋಗೋ ಆ ಅಣು ಯಾವುದು? ಬಾಳೆಹಣ್ಣಿನಲ್ಲಿ ನೂರಕ್ಕೂ ಹೆಚ್ಚು ಬಗೆಯ ಆವಿಯಾಗೋ ಅಣುಗಳಿವೆ. ಆದ್ರೆ "ಇದು ಬಾಳೆ" ಅಂತ ಸಹಿ ಹಾಕೋದು ಮುಖ್ಯವಾಗಿ ಒಂದು. ಅದರ ಹೆಸರು ಐಸೋಅಮೈಲ್ ಅಸಿಟೇಟ್. 7 ಕಾರ್ಬನ್, 14 ಹೈಡ್ರೋಜನ್, 2 ಆಕ್ಸಿಜನ್. ಇಷ್ಟೇ. ಇದು ಎಸ್ಟರ್ ಅನ್ನೋ ಕುಟುಂಬಕ್ಕೆ ಸೇರಿದ್ದು.

ಎಸ್ಟರ್ ಅಂದಾಗ ಸೈನ್ಸ್ ಓದಿದವರಿಗೆ ಪಿಯುಸಿ ಲ್ಯಾಬ್ ನೆನಪಾಗಬೇಕು. ಪ್ರನಾಳದಲ್ಲಿ ಆಲ್ಕೋಹಾಲ್, ಅದಕ್ಕೆ ಅಸಿಟಿಕ್ ಆಮ್ಲ, ಮೇಲೆ ಎರಡು ಹನಿ ಗಾಢ ಸಲ್ಫ್ಯೂರಿಕ್ ಆಮ್ಲ. ಬಿಸಿ ಮಾಡಿದ್ರೆ ಹಣ್ಣಿನ ವಾಸನೆ ಬರುತ್ತೆ. ರೆಕಾರ್ಡ್ ಪುಸ್ತಕದಲ್ಲಿ "ಹಣ್ಣಿನ ಸುವಾಸನೆ ಬಂತು" ಅಂತ ಬರೀತಿದ್ವಿ. ಆಲ್ಕೋಹಾಲ್ ಮತ್ತು ಆಮ್ಲ ಕೈ ಹಿಡಿದಾಗ ಮಧ್ಯದಿಂದ ಒಂದು ನೀರಿನ ಅಣು ಹೊರಗೆ ಹೋಗುತ್ತೆ, ಉಳಿದದ್ದು ಎಸ್ಟರ್. ನಮ್ಮ ಲ್ಯಾಬ್‌ನಲ್ಲಿ ಕೊಡ್ತಾ ಇದ್ದದ್ದು ಎಥನಾಲ್. ಅದರ ಬದಲು ಐಸೋಅಮೈಲ್ ಆಲ್ಕೋಹಾಲ್ ಹಾಕಿದ್ರೆ ಪ್ರನಾಳದಿಂದ ಬರೋದೇ ಬಾಳೆಹಣ್ಣಿನ ವಾಸನೆ. ಅಂಗಡಿಯಲ್ಲಿ ಸಿಗೋ ಬನಾನಾ ಎಸೆನ್ಸ್, ಮಕ್ಕಳ ಸಿರಪ್, ಹಳದಿ ಚಾಕಲೇಟು, ಎಲ್ಲದರ ಹಿಂದೆ ಇರೋದು ಈ ಅಣುವೇ.

ಒಂದು ಮಜಾ ಸಂಗತಿ. ಈ ಎಸೆನ್ಸ್ ಮೊದಲು ಮಾರಾಟ ಆಗಿದ್ದು ಬಾಳೆಹಣ್ಣಿನ ಹೆಸರಲ್ಲಿ ಅಲ್ಲ. 1851ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್‌ನಲ್ಲಿ ದೊಡ್ಡ ಪ್ರದರ್ಶನ ನಡೆಯಿತು. ಅಲ್ಲಿ ಕೃತಕ ಹಣ್ಣಿನ ಎಸೆನ್ಸ್‌ಗಳನ್ನ ಇಟ್ಟಿದ್ರು. ಹಾಫ್ಮನ್ ಅನ್ನೋ ಜರ್ಮನ್ ರಸಾಯನ ವಿಜ್ಞಾನಿ ಅವುಗಳ ಬಗ್ಗೆ ಬರೆದಿದ್ದಾನೆ. ಅದರಲ್ಲಿ ಪೇರ್ ಎಣ್ಣೆ, ಅಂದ್ರೆ ಮರಸೇಬಿನ ಎಣ್ಣೆ, ಅಂತ ಇದ್ದದ್ದು ಇದೇ ಅಣು. ಆಗ ಇಂಗ್ಲೆಂಡಿನ ಸಾಮಾನ್ಯ ಜನ ಬಾಳೆಹಣ್ಣು ತಿಂದೇ ಇರಲಿಲ್ಲ, ಮರಸೇಬು ಗೊತ್ತಿತ್ತು. ಅದನ್ನ ಮಾಡ್ತಾ ಇದ್ದದ್ದು ಮದ್ಯ ಬಟ್ಟಿ ಇಳಿಸಿದ ಮೇಲೆ ಉಳಿಯೋ ಎಣ್ಣೆಯಂಥ ಭಾಗದಿಂದ. ಅಲ್ಲಿ ಬೇಡದ ಕಸ, ಇಲ್ಲಿ ಸುವಾಸನೆ.

ಇನ್ನೊಂದು. ಜೇನ್ನೊಣ ಕುಟುಕಿದಾಗ ಉಳಿದ ಹುಳುಗಳಿಗೆ "ಅಪಾಯ, ಬನ್ನಿ" ಅಂತ ಸುದ್ದಿ ಕಳಿಸೋಕೆ ಒಂದು ವಾಸನೆ ಬಿಡುತ್ತೆ. 1962ರಲ್ಲಿ ಅದನ್ನ ಬೇರ್ಪಡಿಸಿ ನೋಡಿದಾಗ ಸಿಕ್ಕಿದ್ದು ಇದೇ ಐಸೋಅಮೈಲ್ ಅಸಿಟೇಟ್. ಅದಕ್ಕೇ ಜೇನು ಸಾಕೋರಿಗೆ, ಪೆಟ್ಟಿಗೆ ತೆರೆಯೋ ಮುಂಚೆ ಬಾಳೆಹಣ್ಣು ತಿನ್ನಬೇಡಿ ಅಂತ ಹೇಳೋದು. ಒಂದೇ ಅಣು. ನಮಗೆ ಹಣ್ಣು, ಜೇನಿಗೆ ಯುದ್ಧದ ಕಹಳೆ. ವಾಸನೆಯ ಅರ್ಥ ಅಣುವಿನಲ್ಲಿ ಇರಲ್ಲ, ಅದನ್ನ ಓದೋರಲ್ಲಿ ಇರುತ್ತೆ.

ಈಗ ಮುಖ್ಯ ಪ್ರಶ್ನೆ. ಬಾಳೆಕಾಯಿಗೆ ಈ ವಾಸನೆ ಇಲ್ಲ. ಹಣ್ಣಿಗೆ ಎಲ್ಲಿಂದ ಬಂತು?

ಬಾಳೆಕಾಯಿಯಲ್ಲಿ ಸುಮಾರು ಶೇಕಡ 20ರಷ್ಟು ಪಿಷ್ಟ ಇರುತ್ತೆ, ಸಕ್ಕರೆ ತೀರಾ ಕಡಿಮೆ. ಪೂರ್ತಿ ಹಣ್ಣಾದಾಗ ಲೆಕ್ಕ ಉಲ್ಟಾ. ಪಿಷ್ಟ ಒಂದೆರಡು ಶೇಕಡಕ್ಕೆ ಇಳಿದು, ಆ ಜಾಗದಲ್ಲಿ ಸಕ್ಕರೆ ಬಂದಿರುತ್ತೆ. ಕಾಯಿಯನ್ನ ಕಚ್ಚಿದ್ರೆ ಬಾಯಿ ಒಗರಾಗುತ್ತಲ್ಲ, ಅದು ಟ್ಯಾನಿನ್‌ನಿಂದ. ಹಣ್ಣಾಗ್ತಾ ಟ್ಯಾನಿನ್ ಅಣುಗಳು ಒಂದಕ್ಕೊಂದು ಸೇರಿ ದೊಡ್ಡದಾಗಿ, ನಮ್ಮ ಎಂಜಲಿಗೆ ಅಂಟೋದು ಬಿಡ್ತವೆ. ಒಗರು ಹೋಗುತ್ತೆ. ಇವೆಲ್ಲ ನಾಲಿಗೆಯ ಲೆಕ್ಕ.

ವಾಸನೆಯ ಲೆಕ್ಕ ಬೇರೆ. ಅದಕ್ಕೆ ಕಚ್ಚಾ ವಸ್ತು ಲ್ಯೂಸಿನ್ ಅನ್ನೋ ಅಮೈನೋ ಆಮ್ಲ. ನಾವು ತಿನ್ನೋ ಬೇಳೆಯಲ್ಲಿ, ಹಾಲಿನಲ್ಲಿ ಪ್ರೋಟೀನಿನ ಭಾಗವಾಗಿ ಇರೋ ಅದೇ ಲ್ಯೂಸಿನ್. ಹಣ್ಣು ಅದನ್ನ ಹಂತ ಹಂತವಾಗಿ ಬದಲಾಯಿಸುತ್ತೆ. ಮೊದಲು ನೈಟ್ರೋಜನ್ ಇರೋ ತುಂಡನ್ನ ತೆಗೆಯುತ್ತೆ. ಆಮೇಲೆ ಒಂದು ಕಾರ್ಬನ್ ಡೈ ಆಕ್ಸೈಡ್ ಬಿಡುತ್ತೆ. ಉಳಿದದ್ದನ್ನ ಆಲ್ಕೋಹಾಲ್ ಮಾಡುತ್ತೆ, ಅದೇ ಐಸೋಅಮೈಲ್ ಆಲ್ಕೋಹಾಲ್. ಕೊನೆಗೆ ಒಂದು ಕಿಣ್ವ ಬಂದು ಅದಕ್ಕೆ ಅಸಿಟೈಲ್ ತುಂಡನ್ನ ಜೋಡಿಸುತ್ತೆ. ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ ಇದೊಂದು ಪೈಪ್‌ಲೈನ್. ಒಂದು ಹಂತದ ಔಟ್‌ಪುಟ್ ಮುಂದಿನದಕ್ಕೆ ಇನ್‌ಪುಟ್. ಮಧ್ಯ ಎಲ್ಲಾದರೂ ಒಂದು ಸರ್ವಿಸ್ ನಿಧಾನ ಆದ್ರೆ ಕೊನೆಯಲ್ಲಿ ಘಮ ಬರಲ್ಲ. ಲ್ಯಾಬ್‌ನಲ್ಲಿ ಸಲ್ಫ್ಯೂರಿಕ್ ಆಮ್ಲ, ಬಿಸಿ ಎಲ್ಲ ಬೇಕಾಗಿದ್ದ ಕೆಲಸವನ್ನ ಹಣ್ಣು ಬುಟ್ಟಿಯಲ್ಲಿ ಕೂತು ಮಾಡಿ ಮುಗಿಸುತ್ತೆ.

ಈ ಪೈಪ್‌ಲೈನ್ ಶುರು ಮಾಡೋ ಬಟನ್ ಎಥಿಲೀನ್ ಅನ್ನೋ ಅನಿಲ. 2 ಕಾರ್ಬನ್, 4 ಹೈಡ್ರೋಜನ್. ಹಣ್ಣು ತಾನೇ ಎಥಿಲೀನ್ ಬಿಡುತ್ತೆ ಅಂತ 1934ರಲ್ಲಿ ರಿಚರ್ಡ್ ಗೇನ್ ಅನ್ನೋ ವಿಜ್ಞಾನಿ ಸೇಬಿನಲ್ಲಿ ತೋರಿಸಿದ. ಬಾಳೆಯಲ್ಲಿ ಸ್ವಲ್ಪ ಎಥಿಲೀನ್ ಬಂದ್ರೆ ಅದೇ ಇನ್ನಷ್ಟು ಎಥಿಲೀನ್ ತರಿಸುತ್ತೆ. ಅದಕ್ಕೇ ಒಂದು ಚಿಪ್ಪು ಹಣ್ಣಾಗೋಕೆ ಶುರುವಾದ್ರೆ ಪಕ್ಕದ್ದೂ ಬೇಗ ಬೇಗ ಆಗುತ್ತೆ. ನಮ್ಮ ಅಜ್ಜಿಯಂದಿರು ಗೊನೆಯನ್ನ ಮುಚ್ಚಿದ ಜಾಗದಲ್ಲಿ ಇಟ್ಟು ಹೊಗೆ ಹಾಕ್ತಿದ್ರಲ್ಲ, ಹೊಗೆಯಲ್ಲೂ ಎಥಿಲೀನ್ ಇರುತ್ತೆ. ಅಕ್ಕಿ ಡಬ್ಬಿಯಲ್ಲಿ ಹೂತಿಟ್ರೆ ಬಿಟ್ಟ ಅನಿಲ ಅಲ್ಲೇ ಉಳಿಯುತ್ತೆ. ಹೆಸರು ಗೊತ್ತಿರಲಿಲ್ಲ, ಕೆಲಸ ಗೊತ್ತಿತ್ತು.

ಈಗ ದೊಡ್ಡ ಮಂಡಿಗಳಲ್ಲಿ ತಣ್ಣನೆ ಕೋಣೆಗೆ ಅಳತೆ ಮಾಡಿ ಎಥಿಲೀನ್ ಬಿಡ್ತಾರೆ. ಅದಕ್ಕೆ ಕಾನೂನಿನ ಒಪ್ಪಿಗೆ ಇದೆ, ಹೆದರಬೇಕಿಲ್ಲ. ಕ್ಯಾಲ್ಸಿಯಂ ಕಾರ್ಬೈಡ್‌ಗೆ ಮಾತ್ರ ಒಪ್ಪಿಗೆ ಇಲ್ಲ. ತೇವ ತಾಗಿದ್ರೆ ಕಾರ್ಬೈಡ್ ಅಸಿಟಿಲೀನ್ ಬಿಡುತ್ತೆ, ಅದು ಎಥಿಲೀನ್‌ನ ನಕಲು ಮಾಡುತ್ತೆ. ಆದ್ರೆ ಆ ಕಾರ್ಬೈಡ್‌ನಲ್ಲಿ ಆರ್ಸೆನಿಕ್, ರಂಜಕದ ಅಂಶ ಸೇರಿರೋ ಸಾಧ್ಯತೆ ಇದೆ.

ಇಲ್ಲೊಂದು ಉಪಯೋಗದ ಮಾತು. ಸಿಪ್ಪೆ ಹಳದಿ ಆಗೋದು, ಪಿಷ್ಟ ಸಕ್ಕರೆ ಆಗೋದು, ಘಮ ಬರೋದು, ಇವು ಮೂರೂ ಒಂದೇ ದಿನ ಮುಗಿಯಲ್ಲ. ಘಮ ಎಲ್ಲಕ್ಕಿಂತ ಕೊನೆಗೆ ಬರುತ್ತೆ. ಸಿಪ್ಪೆಯ ಮೇಲೆ ಕಂದು ಚುಕ್ಕೆ ಬೀಳೋ ಹೊತ್ತಿಗೆ ಅದು ಜೋರಾಗಿರುತ್ತೆ. ತೊಟ್ಟು ಹಸಿರಿದ್ದು ಮೈ ಹಳದಿ ಇರೋ ಹಣ್ಣು ನೋಡೋಕೆ ಚಂದ, ತಿನ್ನೋಕೆ ಇನ್ನೂ ಅರ್ಧ ದಾರಿ. ಫ್ರಿಜ್‌ನಲ್ಲಂತೂ ಇಡಬೇಡಿ. ಸುಮಾರು 13 ಡಿಗ್ರಿಗಿಂತ ಕೆಳಗೆ ಹೋದ್ರೆ ಬಾಳೆಯ ಜೀವಕೋಶಗಳಿಗೆ ಪೆಟ್ಟಾಗುತ್ತೆ, ಸಿಪ್ಪೆ ಕಪ್ಪಾಗುತ್ತೆ, ಆ ಪೈಪ್‌ಲೈನ್ ಸರಿಯಾಗಿ ಓಡಲ್ಲ.

ಇಷ್ಟು ಓದಿದ ಮೇಲೆ ನನಗೆ ಅಮ್ಮನ ಮಾತಿಗೆ ಒಂದು ಭರ್ಜರಿ ಉತ್ತರ ಸಿಕ್ಕಿತು ಅನ್ನಿಸಿತು. ಪುಣೆಯಲ್ಲಿ ನಾವು ಕೊಳ್ಳೋದು ಹೆಚ್ಚಾಗಿ ಜಳಗಾಂವ್ ಕಡೆಯ ಜಿ-9, ಅಂದ್ರೆ ಗ್ರ್ಯಾಂಡ್ ನೈನ್. ಇದು ಕ್ಯಾವೆಂಡಿಶ್ ಗುಂಪಿನದ್ದು, ನಮ್ಮ ಪಚ್ಚಬಾಳೆಯ ನೆಂಟ. ಅಮ್ಮ ತಿಂದು ಬೆಳೆದದ್ದು ನಂಜನಗೂಡು ರಸಬಾಳೆ. ಅದು ಬೇರೆ ಗುಂಪು. ಚೆನ್ನೈಯವರು ರಸ್ತಾಳಿ ಅಂತಾರಲ್ಲ, ಹೈದರಾಬಾದ್ ಕಡೆ ಅಮೃತಪಾಣಿ ಅಂತಾರಲ್ಲ, ಅದೇ ಮನೆತನ. ಏಲಕ್ಕಿ ಬಾಳೆ ಇನ್ನೊಂದು ಗುಂಪು, ಪುಣೆ ಮುಂಬೈಯಲ್ಲಿ ವೆಲ್ಚಿ ಅಂತ ಸಿಗುತ್ತೆ. ಗುಂಪು ಬದಲಾದ್ರೆ ಅಣುಗಳ ಪಾಲು ಬದಲಾಗುತ್ತೆ. ಐಸೋಅಮೈಲ್ ಅಸಿಟೇಟ್ ಜೊತೆಗೆ ಬ್ಯುಟಿರೇಟ್ ಎಸ್ಟರ್‌ಗಳು, ಹಸಿ ಹುಲ್ಲಿನ ವಾಸನೆಯ ಹೆಕ್ಸನಾಲ್, ಲವಂಗದ ವಾಸನೆ ಕೊಡೋ ಯುಜಿನಾಲ್, ಹೀಗೆ ಒಂದು ಮೇಳವೇ ಇದೆ. ಹೌದು, ಲವಂಗದ ಎಣ್ಣೆಯಲ್ಲಿರೋ ಯುಜಿನಾಲ್ ಬಾಳೆಹಣ್ಣಿನಲ್ಲೂ ಚೂರು ಇದೆ. ಚೆನ್ನಾಗಿ ಹಣ್ಣಾದ ಬಾಳೆಯಲ್ಲಿ ಒಂಥರಾ ಮಸಾಲೆಯ ಎಳೆ ಬರುತ್ತಲ್ಲ, ಅದರಲ್ಲಿ ಇದರ ಪಾಲಿದೆ.

ರಸಬಾಳೆಗೆ ಬಂದ ಗತಿಯೂ ನಿಮಗೆ ಗೊತ್ತಿರಬಹುದು. ಮಣ್ಣಿನಲ್ಲಿರೋ ಫ್ಯುಸೇರಿಯಂ ಅನ್ನೋ ಶಿಲೀಂಧ್ರ ಬೇರಿನಿಂದ ಒಳಗೆ ಹೋಗಿ ನೀರಿನ ಕೊಳವೆಗಳನ್ನ ಕಟ್ಟಿಬಿಡುತ್ತೆ. ಗಿಡ ನಿಂತಲ್ಲೇ ಸೊರಗುತ್ತೆ. ಒಮ್ಮೆ ಮಣ್ಣಿಗೆ ಬಂದ್ರೆ ದಶಕಗಟ್ಟಲೆ ಹೋಗಲ್ಲ. ಇದೇ ಪನಾಮಾ ರೋಗ ಇಪ್ಪತ್ತನೇ ಶತಮಾನದಲ್ಲಿ ಗ್ರೋಸ್ ಮಿಶೆಲ್ ಅನ್ನೋ ತಳಿಯನ್ನ ಜಗತ್ತಿನ ಮಾರುಕಟ್ಟೆಯಿಂದ ಹೊರಗೆ ಹಾಕಿತು. ಆ ಜಾಗಕ್ಕೆ ಬಂದದ್ದು ಕ್ಯಾವೆಂಡಿಶ್. ರಸಬಾಳೆಗೂ ಅದೇ ಏಟು. ಭೌಗೋಳಿಕ ಗುರುತು ಸಿಕ್ಕಿದೆ, ಆದ್ರೆ ಬೆಳೆಯೋ ಜಾಗ ಬಹಳ ಕಡಿಮೆಯಾಗಿದೆ.

ನಾನು ಇದನ್ನೆಲ್ಲ ಅಮ್ಮನಿಗೆ ಲೆಕ್ಚರ್ ಕೊಟ್ಟೆ. "ಅಮ್ಮ, ನಿನ್ನ ಮಾತಲ್ಲಿ ಅರ್ಥ ಇದೆ, ತಳಿ ಬೇರೆ, ಎಸ್ಟರ್ ಬೇರೆ." ಅಮ್ಮ ಸುಮ್ಮನೆ ಕೇಳಿದ್ರು. 2022ರಲ್ಲಿ ಮೈಸೂರಿಗೆ ಹೋದಾಗ ಹುಡುಕಿ, ಕೇಳಿ, ಒಂದು ಚಿಪ್ಪು ಒಳ್ಳೆ ರಸಬಾಳೆ ತಂದೆ. ರೈಲಿನಲ್ಲಿ ಮಡಿಲಲ್ಲಿ ಇಟ್ಟುಕೊಂಡು ಬಂದೆ ಅಂದ್ರೂ ಸರಿ. ಬೋಗಿಗೆಲ್ಲ ಘಮ. ಮನೆಗೆ ಬಂದು ಅಮ್ಮನ ಕೈಗೆ ಕೊಟ್ಟು, ಮೆಚ್ಚುಗೆಗೆ ಕಾಯ್ತಾ ಕೂತೆ. ಅಮ್ಮ ಒಂದು ಹಣ್ಣು ತಿಂದ್ರು. ಅರ್ಧ ನಿಮಿಷ ಏನೂ ಹೇಳಲಿಲ್ಲ. ಆಮೇಲೆ "ಇದೂ ಅಷ್ಟೇ ಕಣೋ" ಅಂದ್ರು.

ನಿಜ ಹೇಳ್ತೀನಿ, ನನಗೆ ಸಿಟ್ಟು ಬಂತು. ಇಷ್ಟು ಕಷ್ಟಪಟ್ಟು ತಂದ್ರೂ ಹೀಗಾ ಅಂತ. ಬಾಯಿ ಬಿಟ್ಟು ಹೇಳಲಿಲ್ಲ, ಮುಖದಲ್ಲಿ ಕಂಡಿರುತ್ತೆ. ಹೆಂಡತಿ ಹತ್ತಿರ "ಅಮ್ಮನಿಗೆ ಇಲ್ಲಿ ಇರೋಕೆ ಇಷ್ಟ ಇಲ್ಲ, ಅದನ್ನ ಬಾಳೆಹಣ್ಣಿನ ಮೇಲೆ ಹಾಕ್ತಾರೆ" ಅಂದೆ. ಇದು ನನ್ನ ತಪ್ಪು. ನನ್ನ ಥಿಯರಿಗೆ ವಿರುದ್ಧವಾಗಿ ಡೇಟಾ ಬಂದಿತ್ತು. ನಾನು ಡೇಟಾನೇ ತಪ್ಪು ಅಂದೆ.

ಇದಾಗಿ ಸುಮಾರು ಎರಡು ವಾರ. ಒಂದು ಮಧ್ಯಾಹ್ನ ಹೆಂಡತಿ ಆಫೀಸಿನಿಂದ ಬೇಗ ಬಂದಿದ್ಲು. ಬಾಗಿಲು ತೆಗೆದ ತಕ್ಷಣ ಗ್ಯಾಸ್ ವಾಸನೆ ಮುಖಕ್ಕೆ ಹೊಡೆಯಿತಂತೆ. ಅಡುಗೆಮನೆಯಲ್ಲಿ ಹಾಲು ಉಕ್ಕಿ ಒಲೆ ಆರಿ ಹೋಗಿದೆ, ಗ್ಯಾಸ್ ಬರ್ತಾನೇ ಇದೆ. ನಾಲ್ಕು ಅಡಿ ದೂರದಲ್ಲಿ ಅಮ್ಮ ನೆಲದ ಮೇಲೆ ಕೂತು ಒಲೆಗೆ ಬೆನ್ನು ಮಾಡಿ ಸೊಪ್ಪು ಬಿಡಿಸ್ತಾ ಇದ್ದಾರೆ. ಅವಳು ಯಾವ ಸ್ವಿಚ್ಚೂ ಮುಟ್ಟದೆ ರೆಗ್ಯುಲೇಟರ್ ಬಂದ್ ಮಾಡಿ, ಕಿಟಕಿ ಎಲ್ಲ ತೆಗೆದು, ಅಮ್ಮನನ್ನ ಹೊರಗೆ ಕರೆದುಕೊಂಡು ಬಂದ್ಲು. ಅಮ್ಮ ಕೇಳಿದ್ದು: "ಏನಾಯ್ತು?"

ಗ್ಯಾಸಿಗೆ ಸ್ವಂತ ವಾಸನೆ ಇಲ್ಲ. ಸೋರಿದ್ರೆ ಗೊತ್ತಾಗಲಿ ಅಂತಲೇ ಈಥೈಲ್ ಮರ್ಕ್ಯಾಪ್ಟನ್ ಅನ್ನೋ ಗಂಧಕದ ಅಣುವನ್ನ ಸೇರಿಸ್ತಾರೆ. ನಮ್ಮ ಮೂಗಿಗೆ ಅದು ಚೂರೇ ಚೂರು ಇದ್ರೂ ಸಾಕು. ಅಷ್ಟು ಜೋರು ವಾಸನೆ ಅಮ್ಮನಿಗೆ ಗೊತ್ತಾಗಲಿಲ್ಲ.

ಆವತ್ತು ರಾತ್ರಿ ನನ್ನ ತಲೆಯಲ್ಲಿ ಎರಡು ತುಂಡು ಸೇರಿಕೊಂಡವು. ಮಗಳಿಗೆ ತೋರಿಸೋಕೆ ಅಂತ ಒಂದು ಬನಾನಾ ಎಸೆನ್ಸ್ ಬಾಟಲಿ ತಂದಿಟ್ಟಿದ್ದೆ. ಎರಡು ಲೋಟದಲ್ಲಿ ಸಕ್ಕರೆ ನೀರು ಮಾಡಿದೆ. ಒಂದಕ್ಕೆ ಎಸೆನ್ಸ್ ಹಾಕಿದೆ. ಅಮ್ಮನಿಗೆ ಕಣ್ಣು ಮುಚ್ಚಿಕೊಳ್ಳೋಕೆ ಹೇಳಿ ಒಂದೊಂದು ಚಮಚ ಕೊಟ್ಟೆ. "ಎರಡರಲ್ಲಿ ಯಾವುದು ಬಾಳೆಹಣ್ಣು?" ಅಮ್ಮ ಎರಡು ಸಲ ಕೇಳಿ ತಿಂದು ನೋಡಿದ್ರು. "ಎರಡೂ ಸಕ್ಕರೆ ನೀರೇ ಅಲ್ವೇನೋ?" ಅಂದ್ರು. ಆ ಎಸೆನ್ಸ್‌ನ ಘಮ ಹಾಲ್‌ನಲ್ಲಿ ಕೂತಿದ್ದ ಮಗಳಿಗೂ ಗೊತ್ತಾಗಿತ್ತು.

ನಾನು ಮೂಗು ಮುಚ್ಚಿಕೊಂಡು ಮಾಡಿದ ಪ್ರಯೋಗ ಇತ್ತಲ್ಲ, ಅಮ್ಮ ಅದರೊಳಗೇ ಒಂದು ವರ್ಷದಿಂದ ಬದುಕ್ತಾ ಇದ್ರು. "ಬರೀ ಸಿಹಿ ಹಿಟ್ಟು" ಅಂತ ಅವರು ಹೇಳಿದ್ದು ಅಕ್ಷರಶಃ ನಿಜ. 2021ರ ಎರಡನೇ ಅಲೆಯಲ್ಲಿ ಅವರಿಗೆ ಕೋವಿಡ್ ಆಗಿತ್ತು. ಮೂರು ದಿನ ಜ್ವರ, ಆಮೇಲೆ ಹುಷಾರಾದ್ರು ಅಂತ ನಾವೆಲ್ಲ ಮರೆತಿದ್ವಿ. ವಾಸನೆ ಹೋದದ್ದು ವಾಪಸ್ ಬಂದಿರಲಿಲ್ಲ. "ಯಾಕಮ್ಮ ಹೇಳಲಿಲ್ಲ?" ಅಂದೆ. ಅಮ್ಮ ಹೇಳಿದ್ದು ಇಷ್ಟೇ: "ಹೇಳಿದ್ನಲ್ಲೋ, ರುಚಿ ಇಲ್ಲ ಅಂತ. ದಿನಾ ಹೇಳ್ತಿದ್ದೆ. ವಯಸ್ಸಾಯ್ತು, ಹೀಗೇ ಇರುತ್ತೆ ಅಂದ್ಕೊಂಡೆ."

ಮೂಗು ಹೇಗೆ ಕೆಲಸ ಮಾಡುತ್ತೆ ಅಂತ ಸ್ವಲ್ಪ ಹೇಳಿಬಿಡ್ತೀನಿ. ಮೂಗಿನ ಮೇಲ್ಭಾಗದಲ್ಲಿ ಅಂಚೆ ಚೀಟಿಯಷ್ಟು ಜಾಗದಲ್ಲಿ ವಾಸನೆಯ ನರಕೋಶಗಳಿವೆ. ಅವುಗಳ ಮೇಲೆ ಸುಮಾರು 400 ಬಗೆಯ ಗ್ರಾಹಕಗಳು. ಒಂದು ಅಣು ಕೆಲವಕ್ಕೆ ಚೆನ್ನಾಗಿ ಕೂರುತ್ತೆ, ಕೆಲವಕ್ಕೆ ಅರೆಬರೆ. ಯಾವ ಯಾವ ಗ್ರಾಹಕ ಎಷ್ಟು ಎಚ್ಚೆತ್ತಿತು ಅನ್ನೋ ಪಟ್ಟಿಯೇ ಆ ವಾಸನೆಯ ಗುರುತು. ಈ ಗ್ರಾಹಕಗಳ ಜೀನ್‌ಗಳನ್ನ 1991ರಲ್ಲಿ ಕಂಡುಹಿಡಿದ ಲಿಂಡಾ ಬಕ್ ಮತ್ತು ರಿಚರ್ಡ್ ಆ್ಯಕ್ಸೆಲ್ ಅವರಿಗೆ 2004ರಲ್ಲಿ ನೊಬೆಲ್ ಬಂತು. ಕೊರೊನಾ ವೈರಸ್ ಮುಖ್ಯವಾಗಿ ಹೊಡೆಯೋದು ಈ ನರಕೋಶಗಳ ಪಕ್ಕದಲ್ಲಿ ನಿಂತು ಆಸರೆ ಕೊಡೋ ಕೋಶಗಳನ್ನ. ಆಸರೆ ಬಿದ್ರೆ ನರಕೋಶವೂ ಕೆಲಸ ಬಿಡುತ್ತೆ. ಸಮಾಧಾನದ ಸಂಗತಿ ಏನಂದ್ರೆ, ವಾಸನೆಯ ನರಕೋಶಗಳು ಜೀವನಪೂರ್ತಿ ಹೊಸದಾಗಿ ಹುಟ್ಟುತ್ತಾ ಇರ್ತವೆ. ಹೊಸದಾಗಿ ಬಂದವು ಮಿದುಳಿಗೆ ಮತ್ತೆ ಸರಿಯಾಗಿ ತಂತಿ ಎಳೀಬೇಕು, ಅಷ್ಟೇ. ಅದಕ್ಕೆ ಸಮಯ ಬೇಕು.

ಕಿವಿ ಮೂಗು ಗಂಟಲು ಡಾಕ್ಟರ ಹತ್ತಿರ ಕರೆದುಕೊಂಡು ಹೋದ್ವಿ. ಬೇರೆ ಕಾರಣ ಏನೂ ಇಲ್ಲ ಅಂತ ನೋಡಿದ ಮೇಲೆ ಅವರು ವಾಸನೆಯ ವ್ಯಾಯಾಮ ಹೇಳಿಕೊಟ್ರು. ಇದನ್ನ ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಥಾಮಸ್ ಹುಮ್ಮೆಲ್ ಮತ್ತು ಅವರ ತಂಡ ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದ್ರು. ನಾಲ್ಕು ವಾಸನೆ: ಗುಲಾಬಿ, ನೀಲಗಿರಿ, ನಿಂಬೆ, ಲವಂಗ. ದಿನಕ್ಕೆ ಎರಡು ಸಲ, ಬೆಳಗ್ಗೆ ಸಂಜೆ, ಒಂದೊಂದನ್ನೂ ಸ್ವಲ್ಪ ಹೊತ್ತು ಮೂಸಿ, ಅದರ ನೆನಪು ಮಾಡಿಕೊಳ್ಳಬೇಕು. ಕನಿಷ್ಠ ಮೂರು ತಿಂಗಳು. ಎಲ್ಲರಿಗೂ ಪೂರ್ತಿ ವಾಪಸ್ ಬರುತ್ತೆ ಅನ್ನೋ ಗ್ಯಾರಂಟಿ ಇಲ್ಲ. ಹಲವರಿಗೆ ಸುಧಾರಿಸುತ್ತೆ. ನಾನು ಡಾಕ್ಟರ್ ಅಲ್ಲ, ಮನೆಯಲ್ಲಿ ಯಾರಿಗಾದ್ರೂ ಹೀಗಿದ್ರೆ ಡಾಕ್ಟರನ್ನೇ ಕೇಳಿ.

ನಾಲ್ಕು ಚಿಕ್ಕ ಡಬ್ಬಿ ದೇವರ ಮನೆಯ ಪಕ್ಕ ಇಟ್ವಿ, ಪೂಜೆ ಮುಗಿದ ತಕ್ಷಣ ಮರೆಯದೆ ಮಾಡಲಿ ಅಂತ. ಎರಡು ತಿಂಗಳು ಏನೂ ಇಲ್ಲ. ಅಮ್ಮನಿಗೆ ಬೇಜಾರು. ಮೊದಲು ಬಂದದ್ದು ಲವಂಗ, "ಏನೋ ಖಾರ ಖಾರ ಇದ್ದ ಹಾಗಿದೆ" ಅಂದ್ರು. ಮಧ್ಯದಲ್ಲಿ ಕಾಫಿ ಸುಟ್ಟ ರಬ್ಬರ್ ಥರ ವಾಸನೆ ಬರೋಕೆ ಶುರುವಾಯ್ತು. ಮೈಸೂರು ಕಡೆಯವರಿಗೆ ಕಾಫಿ ಕುಡಿಯೋಕೆ ಆಗಲ್ಲ ಅಂದ್ರೆ ಎಂಥ ಶಿಕ್ಷೆ ಯೋಚನೆ ಮಾಡಿ. ತಂತಿಗಳು ಮತ್ತೆ ಜೋಡಿಸಿಕೊಳ್ಳುವಾಗ ಹೀಗೆ ಅಡ್ಡಾದಿಡ್ಡಿ ಆಗೋದುಂಟು, ಹೆದರಬೇಡಿ ಅಂದ್ರು ಡಾಕ್ಟರ್. ಆರೇಳು ತಿಂಗಳು ಅಮ್ಮ ಬರೀ ಹಾಲು ಕುಡಿದ್ರು. ಈಗ ಕಾಫಿ ಕುಡೀತಾರೆ, ಮೊದಲಿನ ಹಾಗೆ ಅಲ್ಲ ಅಂತಾರೆ. ಪೂರ್ತಿ ವಾಪಸ್ ಬಂದಿಲ್ಲ, ಮುಚ್ಚಿಡೋದೇನಿಲ್ಲ. ಅಡುಗೆಮನೆಯಲ್ಲಿ ಗ್ಯಾಸ್ ಸೋರಿದ್ರೆ ಕೂಗೋ ಯಂತ್ರ ಹಾಕಿಸಿದ್ದೀವಿ.

ಹಾಗಾಗಿ ಇವತ್ತು ನಾನು ನಿಮ್ಮನ್ನ ಕೇಳಿಕೊಳ್ಳೋದು ಒಂದೇ. ಮನೆಯಲ್ಲಿ ವಯಸ್ಸಾದವರು "ರುಚಿ ಇಲ್ಲ" ಅಂದ್ರೆ, ಊರಿನ ನೆನಪು ಅಂತ ನಕ್ಕು ಬಿಡಬೇಡಿ. ಒಂದು ಬಾಳೆಹಣ್ಣು, ಸ್ವಲ್ಪ ಲವಂಗ, ಒಂದು ಚಮಚ ಕಾಫಿ ಪುಡಿ ತಗೊಳ್ಳಿ. ಕಣ್ಣು ಮುಚ್ಚಿಸಿ ಮೂಸೋಕೆ ಕೊಡಿ. ಎರಡು ನಿಮಿಷದ ಕೆಲಸ. ಇದು ವೈದ್ಯಕೀಯ ಪರೀಕ್ಷೆ ಅಲ್ಲ, ಆದ್ರೆ ಡಾಕ್ಟರ ಹತ್ತಿರ ಹೋಗಬೇಕಾ ಅಂತ ಗೊತ್ತಾಗುತ್ತೆ. ವಯಸ್ಸಾದಂತೆ ಕೋವಿಡ್ ಇಲ್ಲದೆಯೂ ವಾಸನೆಯ ಶಕ್ತಿ ಕಡಿಮೆಯಾಗುತ್ತೆ. ಅವರಿಗೇ ಅದು ಗೊತ್ತಿರಲ್ಲ. ಹಳಸಿದ ಸಾರು, ಸೀದ ಪಾತ್ರೆ, ಸೋರೋ ಗ್ಯಾಸ್, ಇವೆಲ್ಲ ಮೂಗಿನ ಕೆಲಸ.

ಕೊನೆಯದಾಗಿ ಒಂದು ಮಾತು ಹೇಳಿ ಮುಗಿಸ್ತೀನಿ. ಹೋದ ತಿಂಗಳು ಮಾರುಕಟ್ಟೆಯಿಂದ ಜಿ-9 ತಂದಿದ್ದೆ, ಚೆನ್ನಾಗಿ ಚುಕ್ಕೆ ಬಿದ್ದದ್ದು. ಅಮ್ಮ ಒಂದು ಸುಲಿದು, ಮೂಗಿನ ಹತ್ತಿರ ಹಿಡಿದು, ತಿಂದು ನೋಡಿದ್ರು. "ಇದರಲ್ಲಿ ಬಾಳೆಹಣ್ಣಿನ ವಾಸನೆ ಇದೆ ಕಣೋ" ಅಂದ್ರು. ನನಗೆ ಖುಷಿಯಾಯ್ತು. ಆಮೇಲೆ ಹೇಳಿದ್ರು: "ಆದ್ರೂ ನಮ್ಮ ರಸಬಾಳೆ ಮುಂದೆ ಇದೇನೂ ಅಲ್ಲ ಬಿಡು."

ಈ ಸಲ ನಾನು ವಾದ ಮಾಡಲಿಲ್ಲ. ಈಗ ಅವರ ಹತ್ತಿರ ಡೇಟಾ ಇದೆ. ಮುಂದಿನ ಸಲ ಮೈಸೂರಿಗೆ ಹೋದಾಗ ಮತ್ತೆ ಒಂದು ಚಿಪ್ಪು ತರ್ತೀನಿ.